ಕಾರ್ಡಿನಲ್ಲಿ ಉಳಿದ ಕಮಾನು

“ಮನೆಗೆ ಬೆಂಕಿ ಬಿದ್ದವರು ಫೋನ್ ಮಾಡಿ ಮೊದಲು ಹೇಳೋದು ‘ಬೇಗ ಬನ್ನಿ’ ಅಂತ, ಅತ್ತಿಗೆ. ಎಲ್ಲಿಗೆ ಅಂತ ಹೇಳಲ್ಲ. ಆ ಹೊತ್ತಿಗೆ ಅವರ ಪಾಲಿಗೆ ಲೋಕದಲ್ಲಿ ಇರೋದು ಅದೊಂದೇ ಮನೆ. ಅದು ಎಲ್ಲರಿಗೂ ಗೊತ್ತಿರಬೇಕು ಅನ್ನಿಸುತ್ತೆ ಪಾಪ. ‘ಎಲ್ಲಿ?’ ಅಂದ್ರೆ ‘ನಮ್ಮನೇಲಿ’ ಅಂತಾರೆ. ‘ನಿಮ್ಮನೆ ಎಲ್ಲಿ?’ ಅಂದ್ರೆ ‘ಇಲ್ಲೇ’ ಅಂತಾರೆ. ಬೈಬಾರದು. ಹೆದರಿದವರ ಹತ್ತಿರ ವಿಳಾಸ ಕೇಳಬಾರದು, ಕಣ್ಣಿಗೆ ಕಾಣೋದನ್ನ ಕೇಳಬೇಕು. ‘ಬಾಗಿಲಿಗೆ ಬನ್ನಿ, ಎದುರಿಗೆ ಏನು ಕಾಣ್ತಿದೆ ಹೇಳಿ’ ಅಂತೀನಿ. ‘ಹಸಿರು ಬಾಗಿಲಿನ ಅಂಗಡಿ’ ಅಂತಾರೆ. ‘ಅಂಗಡಿ ಪಕ್ಕ ಮುರಿದ ಬೆಂಚು ಇದೆಯಾ?’ ‘ಇದೆ.’ ಸಾಕು, ನನಗೆ ಗೊತ್ತಾಯ್ತು. ಎಡಗೈಲಿ ಆ ಬೀದಿಯ ಕಾರ್ಡ್ ಎಳೀತೀನಿ, ಬಲಗೈಲಿ ಗಂಟೆ ಒತ್ತುತೀನಿ. ಯಾವಾಗಲೋ ಆ ಓಣಿಗೆ ಹೋಗಿ ಬಂದ ಡ್ರೈವರ್ ಹೇಳಿದ್ದು ಕಾರ್ಡಲ್ಲಿ ಇರುತ್ತೆ. ‘ತಿರುವಲ್ಲಿ ಚರಂಡಿ ಕಲ್ಲು ಸಡಿಲ, ಬಲಕ್ಕೆ ಒತ್ತಬೇಡ. ಹಿಂದಿನ ಗೇಟಿನ ಬೀಗದ ಕೈ ದರ್ಜಿ ಹತ್ತಿರ. ಮೂರನೇ ಮನೇಲಿ ಹಾಸಿಗೆ ಹಿಡಿದ ಅಜ್ಜಿ.’ ಅದನ್ನ ಓದಿ ಹೇಳ್ತೀನಿ, ಗಾಡಿ ಹೊರಡುತ್ತೆ. ಹೊರಟ ಮೇಲೂ ನಾನು ಫೋನ್ ಇಡಲ್ಲ. ‘ಹೊರಟ್ರು, ಈಗ ಮಾರ್ಕೆಟ್ ದಾಟಿದ್ರು, ಈಗ ಸೇತುವೆ ಹತ್ತಿದ್ರು’ ಅಂತ ಹೇಳ್ತಾನೇ ಇರ್ತೀನಿ. ಒಂಟಿಯಾಗಿ ನಿಂತು ಬೆಂಕಿ ನೋಡೋದು ಬಹಳ ಕಷ್ಟ. ಕಿವಿಗೆ ಒಂದು ದನಿ ಬೇಕು.”

ನನ್ನ ನಾದಿನಿ ಇದನ್ನೆಲ್ಲ ಒಂದೇ ಸಲ ಹೀಗೆ ಉದ್ದಕ್ಕೆ ಹೇಳಿದವಳಲ್ಲ. ಇಪ್ಪತ್ತೇಳು ವರ್ಷ, ದಿನಾ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತ ಒಂದಿಷ್ಟು, ತಲೆ ಬಾಚಿಕೊಳ್ಳುತ್ತ ಒಂದಿಷ್ಟು ಹೇಳಿದ್ದನ್ನು ನಾನು ಒಟ್ಟು ಮಾಡಿ ಬರೆದಿದ್ದೇನೆ. ಅವಳು ನಮ್ಮ ಯಜಮಾನರ ಕೊನೆಯ ತಂಗಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ಮದುವೆ ಬೇಡವೆಂದಳು. ಯಾಕೆಂದು ಕೇಳಿದವರಿಗೆಲ್ಲ “ಶಿಫ್ಟ್ ಇದೆ” ಎಂದಳು. ಕೇಳಿ ಕೇಳಿ ಅವರಿಗೇ ಸಾಕಾಯಿತು.

ಅವಳ ಕೆಲಸ ಅಗ್ನಿಶಾಮಕ ದಳದ ಕಂಟ್ರೋಲ್ ರೂಮಿನಲ್ಲಿ. ನಗರದ ಪೂರ್ವದ ಠಾಣೆಯಲ್ಲಿ ಕೆಳಗೆ ಗಾಡಿಗಳು ನಿಲ್ಲುವ ಷೆಡ್ಡು, ಅದರ ನೆತ್ತಿಯ ಮೇಲೆ ಇವಳ ಕೋಣೆ. ಊರಿನ ಯಾವ ಠಾಣೆಯ ಗಾಡಿ ಹೊರಡಬೇಕಾದರೂ ಇಲ್ಲಿಂದಲೇ ಗಂಟೆ ಒತ್ತಬೇಕು. ನಾನು ಆಗಾಗ ಊಟದ ಡಬ್ಬಿ ಕೊಡಲು ಹೋಗುತ್ತಿದ್ದೆ, ಹಾಗಾಗಿ ಆ ಕೋಣೆ ನನಗೆ ಚೆನ್ನಾಗಿ ಗೊತ್ತು. ನಾಲ್ಕು ಕಿಟಕಿ, ಅದರಲ್ಲಿ ಎರಡು ತೆಗೆಯಲು ಬಾರದವು. ಗೋಡೆಯ ತುಂಬ ಊರಿನ ನಕ್ಷೆ, ಬಿಸಿಲು ಬೀಳುವ ಅರ್ಧ ಮಾಸಿ ಬಿಳಿಚಿಕೊಂಡದ್ದು. ಮೂರು ಫೋನು. ಗೋಡೆಗೆ ಒರಗಿ ಹದಿನಾಲ್ಕು ಡ್ರಾಯರುಗಳ ಒಂದು ಮರದ ಬೀರು, ಅದರಲ್ಲಿ ಬೀದಿಗೊಂದರಂತೆ ಕಾರ್ಡುಗಳು. ಎರಡು ಸಾವಿರಕ್ಕೆ ಮೇಲಿದ್ದವು. ಬಹುಪಾಲು ಇವಳ ಕೈಬರಹವೇ. ಠಾಣೆಯಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಕಾರ್ಡಮ್ಮ.

ಕಾರ್ಡಮ್ಮ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಬೆಂಕಿ ಆರಿಸಿ ಬಂದ ಡ್ರೈವರು ಮುಖ ತೊಳೆಯುವ ಮೊದಲು ಮೆಟ್ಟಿಲು ಹತ್ತಿ ಇವಳ ಮೇಜಿನ ಮುಂದೆ ನಿಲ್ಲಬೇಕು. ಇವಳು ಕೇಳುವುದು ಒಂದೇ ಪ್ರಶ್ನೆ: “ಏನು ಅಡ್ಡ ಬಂತು?” ಅವನು ಹೇಳಿದ್ದನ್ನು ಅಲ್ಲೇ ಆ ಬೀದಿಯ ಕಾರ್ಡಿಗೆ ಬರೆದುಕೊಳ್ಳುತ್ತಿದ್ದಳು. ನಾನು ಡಬ್ಬಿ ಹಿಡಿದು ನಿಂತಿದ್ದ ಒಂದು ದಿನ, ಮೀಸೆ ಎಂದು ಎಲ್ಲರೂ ಕರೆಯುವ ಹಿರಿಯ ಡ್ರೈವರು ಮಸಿ ಮೆತ್ತಿದ ಮುಖದಲ್ಲೇ ಬಂದು ನಿಂತ.

“ಏನು ಅಡ್ಡ ಬಂತು?”

“ನನ್ನ ಹೆಂಡತಿ ಅಡ್ಡ ಬಂದ್ಲು ಕಾರ್ಡಮ್ಮ, ತರಕಾರಿ ಚೀಲ ಹಿಡ್ಕೊಂಡು. ಬರ್ಕೋ.”

“ಎತ್ತರ ಎಷ್ಟು, ಅಗಲ ಎಷ್ಟು ಹೇಳು, ಬರ್ಕೋತೀನಿ. ಮುಂದಿನ ಸಲ ಬೇರೆ ದಾರೀಲಿ ಕಳಿಸ್ತೀನಿ.”

“ಅಯ್ಯೋ, ಆ ದಾರೀಲಿ ನನ್ನ ಅತ್ತೆ ಮನೆ ಇದೆ!”

ಹೀಗೆ ನಗುನಗುತ್ತಲೇ ಇಡೀ ಊರು ಆ ಡ್ರಾಯರುಗಳ ಒಳಗೆ ಬಂದು ಕೂತಿತ್ತು. ನಮ್ಮ ಯಜಮಾನರು ಮಾತ್ರ ಅವಳನ್ನು ರೇಗಿಸುತ್ತಿದ್ದರು. “ಊರಿಗೆಲ್ಲ ದಾರಿ ಹೇಳ್ತಾಳೆ, ಮೂಗಿನ ಮೇಲಿರೋ ಕನ್ನಡಕ ಮಾತ್ರ ಸಿಗಲ್ಲ ಇವಳಿಗೆ” ಎನ್ನುವರು. “ಅದಕ್ಕೂ ಒಂದು ಕಾರ್ಡ್ ಮಾಡ್ತೀನಿ ಬಿಡಣ್ಣ” ಎನ್ನುವಳು ಅವಳು.

ಹೋದ ವರ್ಷ ನಗರಸಭೆಯವರು ಹೊಸ ಯಂತ್ರ ತರಿಸಲು ನಿರ್ಧಾರ ಮಾಡಿದರು. ಫೋನ್ ಬಂದ ಕ್ಷಣವೇ ಅದು ಎಲ್ಲಿಂದ ಬಂತೆಂದು ಪರದೆಯ ಮೇಲೆ ನೀಲಿ ಚುಕ್ಕೆ ಮೂಡುತ್ತದಂತೆ. ಯಾವ ಗಾಡಿ ಎಲ್ಲಿದೆ ಎನ್ನುವುದೂ ಕಾಣುತ್ತದಂತೆ. ಹತ್ತಿರದ ಗಾಡಿಗೆ ಯಂತ್ರವೇ ದಾರಿ ಹಾಕಿಕೊಡುತ್ತದಂತೆ. ಇವಳು ಮುಖ ಸಿಂಡರಿಸುತ್ತಾಳೆಂದು ನಾನು ಎಣಿಸಿದ್ದೆ. ಅವಳು ಖುಷಿಯಾಗಿ ಮನೆಗೆ ಬಂದಳು.

“ಇನ್ನು ಮೇಲೆ ‘ಇಲ್ಲೇ’ ಅಂದ್ರೂ ಸಾಕು ಅತ್ತಿಗೆ! ಇಷ್ಟು ವರ್ಷ ಕತ್ತಲೆ ಕೋಣೇಲಿ ಸೂಜಿ ಹುಡುಕಿದ ಹಾಗಿತ್ತು.”

ಯಂತ್ರ ಕೂರಿಸಲು ಕಂಪನಿಯಿಂದ ಒಬ್ಬ ಎಂಜಿನಿಯರು ಬಂದಳು. ಮೂವತ್ತೈದರ ಆಸುಪಾಸಿನ ಹೆಂಗಸು. ಜೇಬಿನಲ್ಲಿ ಸದಾ ಹುರಿದ ಕಡಲೆಕಾಯಿ, ಸಿಪ್ಪೆ ಹಾಕಲು ಇನ್ನೊಂದು ಜೇಬು. ಅವಳು ನಮ್ಮವಳ ಕಾರ್ಡುಗಳನ್ನು ನೋಡಿ ಇವೂ ಯಂತ್ರದೊಳಗೆ ಹೋಗಬೇಕೆಂದು ತಾನೇ ಹಟ ಹಿಡಿದಳು. ಇಬ್ಬರು ಟೈಪಿಸ್ಟರನ್ನು ಕರೆಸಿದರು. ಮಳೆಗೆ ನೆನೆದು ಮಸಿ ಕದಡಿದ ಕಾರ್ಡುಗಳನ್ನು ಓದಿ ಹೇಳಲು ಕಾರ್ಡಮ್ಮನೇ ಬೇಕು. ಎರಡು ತಿಂಗಳು ಹಗಲೆಲ್ಲ ಅದೇ ಕೆಲಸ. ಆಮೇಲೆ ಒಂದು ತಿಂಗಳು ಪರೀಕ್ಷೆ. ಪ್ರತಿ ಬೀದಿಗೂ ಯಂತ್ರ ತನ್ನ ನಕ್ಷೆಯಿಂದ ಯಾವ ದಾರಿ ಹೇಳುತ್ತದೆ, ಕಾರ್ಡು ಯಾವ ದಾರಿ ಹೇಳುತ್ತದೆ ಎಂದು ಪಕ್ಕಪಕ್ಕಕ್ಕೆ ಇಟ್ಟು ನೋಡುವುದು. ಹೆಚ್ಚುಕಡಿಮೆ ಎಲ್ಲ ತಾಳೆಯಾಗುತ್ತಿತ್ತು. ಎಲ್ಲಿ ತಾಳೆಯಾಗಲಿಲ್ಲವೋ ಅಲ್ಲಿ ಕಾರ್ಡಿನದೇ ಸರಿ. ನಕ್ಷೆಗೆ ಚರಂಡಿ ಕಲ್ಲು ಗೊತ್ತಿಲ್ಲವಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹತ್ತಿ ಗಿರಣಿಯ ಹಿಂದಿನ ಓಣಿಯ ಸರದಿ ಬಂತು. ಅಲ್ಲಿಗೆ ಪೂರ್ವದ ಠಾಣೆಯಿಂದ ಗಾಡಿ ಕಳಿಸಿದರೆ ನಾಲ್ಕು ನಿಮಿಷ ಎಂದಿತು ಯಂತ್ರ. ಕಾರ್ಡಿನಲ್ಲಿ ಬೇರೆಯೇ ಇತ್ತು: ‘ದೊಡ್ಡ ಗಾಡಿ ಹೋಗಲ್ಲ. ಓಣಿಯ ಬಾಯಲ್ಲಿ ಕಮಾನು ತಗ್ಗು. ಉತ್ತರದ ಠಾಣೆಯಿಂದ ರೈಲು ಹಳಿ ಸುತ್ತಿ ಓಣಿಯ ಆ ತುದಿಯಿಂದ ಬರಬೇಕು, ಒಂಬತ್ತು ನಿಮಿಷ.’ ಹನ್ನೊಂದು ವರ್ಷದ ಹಿಂದೆ ಮೀಸೆಯ ಗಾಡಿಯ ಏಣಿ ಆ ಗಿರಣಿಯ ಹಳೇ ಕಮಾನಿಗೆ ಸಿಕ್ಕಿಹಾಕಿಕೊಂಡಾಗ ಬರೆದದ್ದು.

“ನಿನ್ನ ಯಂತ್ರಕ್ಕೆ ಕಮಾನು ಕಂಡಿಲ್ಲ” ಎಂದಳು ಕಾರ್ಡಮ್ಮ.

“ಹೋದ ವರ್ಷದ ಸರ್ವೆ ಇದು, ಅದರಲ್ಲಿ ಕಮಾನೇ ಇಲ್ಲ” ಎಂದಳು ಎಂಜಿನಿಯರು.

“ಕಮಾನು ಅಂದ್ರೆ ಸೊಳ್ಳೆನಾ ಹಾರಿ ಹೋಗೋಕೆ? ನಡಿ ತೋರಿಸ್ತೀನಿ. ಸೋತವರು ಎಲ್ಲರಿಗೂ ಟೀ.”

ಬೆಳಗಿನ ಟೀ ಹೊತ್ತು ಬೇರೆ. ಮೀಸೆಯೇ ಜೀಪು ತೆಗೆದ. ಓಣಿಯ ಬಾಯಿಗೆ ಹೋಗಿ ನೋಡಿದರೆ ಕಮಾನು ಇಲ್ಲ. ಎರಡು ಕಡೆ ಮೊಣಕಾಲೆತ್ತರದ ಮೋಟು ಕಂಬಗಳು, ಒಂದರ ಮೇಲೆ ಯಾರೋ ಒದ್ದೆ ಟವೆಲು ಒಣಹಾಕಿದ್ದರು. ನಡುವೆ ಎರಡು ಗಾಡಿ ಒಟ್ಟಿಗೆ ಹೋಗುವಷ್ಟು ದಾರಿ.

ಮೀಸೆ ಸ್ಟೀರಿಂಗಿನ ಮೇಲೆ ಕೈ ಬಡಿದು ನಕ್ಕ. “ಕಾರ್ಡಮ್ಮ ಸೋತ್ಲು! ಇವತ್ತಿನ ತಾರೀಖು ಬರ್ದಿಡಿ! ನಂಗೆ ಟೀ ಜೊತೆ ಬಿಸ್ಕತ್ತೂ ಬೇಕು.”

“ನಿಂಗೂ ಗೊತ್ತಿರಲಿಲ್ವಾ?” ಎಂದು ಇವಳು ಕೇಳಿದಳಂತೆ.

“ಹೆಂಗೆ ಗೊತ್ತಾಗುತ್ತೆ? ಹನ್ನೊಂದು ವರ್ಷದಿಂದ ಈ ಕಡೆ ಗಾಡಿ ತಂದೇ ಇಲ್ಲ. ನೀನೇ ಅಲ್ವಾ ಬೇಡ ಅಂದಿದ್ದು.”

ಅವನು ಅಂದದ್ದು ತಮಾಷೆಗೆ. ಎಂಜಿನಿಯರೂ ನಕ್ಕಳು. ಇವಳು ಟೀ ಕೊಡಿಸಿದಳು, ಬಿಸ್ಕತ್ತೂ ಕೊಡಿಸಿದಳು, ತಾನು ಮಾತ್ರ ಕುಡಿಯಲಿಲ್ಲ.

ಆ ದಿನ ಮಧ್ಯಾಹ್ನವೇ ಮನೆಗೆ ಬಂದಳು. ತಟ್ಟೆಯ ಮುಂದೆ ಕೂತು ಅನ್ನ ಕಲಸಿದಳು, ಬಾಯಿಗೆ ಇಡಲಿಲ್ಲ. ಕೇಳಿದರೆ ಅವಳು ಹೇಳುವವಳಲ್ಲ, ಸುಮ್ಮನಿದ್ದರೆ ತಾನಾಗಿ ಹೇಳುತ್ತಾಳೆ. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಪಕ್ಕದಲ್ಲೇ ಕೂತೆ. ಅರ್ಧ ಮೊರ ಮುಗಿದಿತ್ತು.

“ಆ ಓಣೀಲಿ ನಾಲ್ಕು ವರ್ಷದ ಹಿಂದೆ ಒಂದು ಬೆಂಕಿ ಆಗಿತ್ತು ಅತ್ತಿಗೆ” ಎಂದಳು.

ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರು. ಒಳಕೋಣೆಯಲ್ಲಿ ಮಲಗಿದ್ದರು, ಕಾಲಿನ ತೊಂದರೆ, ಎದ್ದು ಓಡಾಡುವ ಹಾಗಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆಯಿಂದ ಬೆಂಕಿ ಹತ್ತಿ ನಡುಮನೆ ತುಂಬಿತು. ಹೊರಗೆ ಬಟ್ಟೆ ತೆಗೆಯಲು ಹೋಗಿದ್ದ ಮಗಳು ಫೋನ್ ಮಾಡಿದಳು. ಫೋನ್ ಎತ್ತಿದ್ದು ಕಾರ್ಡಮ್ಮ. ಕಾರ್ಡು ತೆಗೆದಳು, ಉತ್ತರದ ಠಾಣೆಗೆ ಗಂಟೆ ಒತ್ತಿದಳು. ಒಂಬತ್ತು ನಿಮಿಷವೂ ಆ ಮಗಳ ಜೊತೆ ಮಾತಾಡುತ್ತಲೇ ಇದ್ದಳು. ಗಾಡಿ ಬಂತು, ಬೆಂಕಿ ಆರಿತು. ಮುದುಕರು ಹೊಗೆಗೆ ಉಸಿರುಕಟ್ಟಿ ಹೋಗಿಬಿಟ್ಟಿದ್ದರು.

“ಅವತ್ತು ಮೀಸೆ ಗಾಡಿ ನನ್ನ ಕಾಲ ಕೆಳಗೇ ನಿಂತಿತ್ತು. ಅವನು ಟೈರಿಗೆ ಗಾಳಿ ಹಿಡೀತಿದ್ದ. ಸದ್ದು ಕೇಳಿಸ್ತಿತ್ತು ನಂಗೆ.”

“ಕಮಾನು ಯಾವಾಗ ಬಿತ್ತೋ ಏನೋ. ಬೆಂಕಿ ಆದ್ಮೇಲೂ ಬಿದ್ದಿರಬಹುದಲ್ಲ” ಎಂದೆ.

“ಅದೇ ಗೊತ್ತಾಗಬೇಕು.”

ಮರುದಿನ ಅವಳ ಜೊತೆ ನಾನೂ ಹೋದೆ. ಮೋಟು ಕಂಬದ ಪಕ್ಕದಲ್ಲೇ ಒಂದು ಕ್ಷೌರದ ಅಂಗಡಿ. ಗಿರಾಕಿ ಯಾರೂ ಇರಲಿಲ್ಲ, ಕ್ಷೌರಿಕ ಕನ್ನಡಿಯಲ್ಲಿ ತನ್ನದೇ ಮೂಗಿನ ಕೂದಲು ಕತ್ತರಿಸಿಕೊಳ್ಳುತ್ತಿದ್ದ. ಕಮಾನಿನ ವಿಚಾರ ಕೇಳಿದೆವು.

“ಅದಾ? ಲಾರಿ ಗುದ್ದಿ ಬಿತ್ತಲ್ಲ ಅಕ್ಕ. ಇಟ್ಟಿಗೆ ಲಾರಿ. ನನ್ನ ಅಂಗಡಿ ಗಾಜೂ ಹೋಯ್ತು.”

“ಯಾವಾಗ?”

“ನನ್ನ ಕೊನೇ ಮಗಳು ಹುಟ್ಟಿದ ವಾರ.” ಅವನು ಬೆರಳು ಮಡಿಸಿ ಎಣಿಸಿದ. “ಈಗವಳು ಒಂದನೇ ಕ್ಲಾಸು. ಆರು ವರ್ಷ ಆಯ್ತು ನೋಡಿ.”

ಆರು. ಬೆಂಕಿ ನಾಲ್ಕು. ನಾದಿನಿ ನನ್ನ ಮೊಣಕೈ ಹಿಡಿದುಕೊಂಡಳು. ಏನೂ ಅರಿಯದ ಆ ಮನುಷ್ಯ ಕತ್ತರಿ ಕೆಳಗಿಟ್ಟು “ಯಾಕಕ್ಕ, ಕೂತ್ಕೊಳ್ಳಿ, ನೀರು ಕೊಡ್ಲಾ?” ಎಂದ. ಗಿರಾಕಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಅವಳನ್ನು ಕೂರಿಸಿದ. ಎದುರಿನ ಕನ್ನಡಿಯಲ್ಲಿ ಅವಳ ಮುಖ ನನಗೂ ಕಾಣುತ್ತಿತ್ತು. ಅವಳು ತಲೆ ಬಗ್ಗಿಸಿಕೊಂಡಳು.

ಮನೆಗೆ ಬರುವ ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು. ಅದು ನನ್ನ ತಲೆಯಿಂದ ಈಗಲೂ ಹೋಗಿಲ್ಲ.

“ಏನು ಅಡ್ಡ ಬಂತು ಅಂತ ಇಪ್ಪತ್ತೇಳು ವರ್ಷ ಕೇಳಿದೆ ಅತ್ತಿಗೆ. ಅಡ್ಡ ಇದ್ದಿದ್ದು ಹೋಯ್ತಾ ಅಂತ ಒಂದು ದಿನಾನೂ ಕೇಳಲಿಲ್ಲ. ಹೋಗಬೇಡ ಅಂತ ಬರೆದೆ, ಯಾರೂ ಹೋಗಲಿಲ್ಲ. ಯಾರೂ ಹೋಗದೇ ಇದ್ರೆ ದಾರಿ ತೆರೆದಿದೆ ಅಂತ ನಂಗೆ ಹೇಳೋರು ಯಾರು?”

ಓದಿದವರು ಇದನ್ನು ಹೇಗೆ ಹೇಳುತ್ತಾರೋ ನನಗೆ ತಿಳಿಯದು. ನನಗೆ ಅನ್ನಿಸಿದ್ದು ಇಷ್ಟು: ಅವಳು ಸೋಮಾರಿಯಾಗಿದ್ದರೆ, ಕಾರ್ಡೇ ಬರೆಯದಿದ್ದರೆ, ಅವತ್ತು ಮೀಸೆಯ ಗಾಡಿ ಸೀದಾ ಹೋಗಿಬಿಡುತ್ತಿತ್ತು. ಅವಳ ಶ್ರದ್ಧೆಯೇ ಓಣಿಗೆ ಅಡ್ಡ ನಿಂತಿತು. ಇದನ್ನು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳಿಗೆ ಅದು ಗೊತ್ತಿತ್ತು ಅಂತಲೂ ಅನ್ನಿಸುತ್ತದೆ.

ಅವಳು ಮೊದಲು ಠಾಣೆಯ ಸಾಹೇಬರಿಗೆ ಹೇಳಿದಳು. ಸಾಹೇಬರು ಕೆಟ್ಟವರಲ್ಲ. ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡು, ತಂಗಿಗೆ ಹೇಳುವ ಹಾಗೆ ಹೇಳಿದರಂತೆ.

“ಇದರಲ್ಲಿ ನಿಮ್ಮ ತಪ್ಪೇನಿದೆ? ಕಮಾನು ಬಿದ್ದಿದ್ದನ್ನ ನಗರಸಭೆಯವರು ನಮಗೆ ತಿಳಿಸಬೇಕಿತ್ತು. ಸೋಮವಾರ ಹೊಸ ಯಂತ್ರ ಶುರು ಆಗುತ್ತೆ, ಪೇಪರಿನವರು ಬರ್ತಾರೆ. ಆ ಕಾರ್ಡ್ ಅಳಿಸಿಬಿಡಿ, ಮುಗೀತು. ನಾಲ್ಕು ವರ್ಷದ ಹಿಂದಿನದನ್ನ ಕೆದಕಿ ಯಾರಿಗೆ ಏನು ಬಂತು? ಆ ಮುದುಕರ ಮಗಳು ದೂರು ಕೊಟ್ರೆ ನಿಮಗೇ ಕಷ್ಟ. ಇನ್ನೊಂದು ವರ್ಷಕ್ಕೆ ನಿವೃತ್ತಿ, ತಣ್ಣಗೆ ಮನೆಗೆ ಹೋಗಿ.”

“ಆ ಹೆಂಗಸಿಗೆ ಗೊತ್ತಾಗೋದು ಬೇಡ್ವಾ ಸಾರ್?”

“ಗೊತ್ತಾದ್ರೆ ಅಪ್ಪ ವಾಪಸ್ ಬರ್ತಾರಾ?”

ರಾತ್ರಿಯ ಊಟ ಮುಗಿದ ಮೇಲೆ ನಮ್ಮ ಯಜಮಾನರೂ ಅದನ್ನೇ ಹೇಳಿದರು. ಅವರಿಗೆ ತಂಗಿ ಎಂದರೆ ಪ್ರಾಣ. “ಸುಮ್ಮನಿರೋ ಹಾವನ್ನ ಕೋಲು ಹಾಕಿ ಎಬ್ಬಿಸಬೇಡ ಪುಟ್ಟಿ” ಎಂದರು. ಐವತ್ತೊಂಬತ್ತರ ಪುಟ್ಟಿ ನನ್ನ ಕಡೆ ನೋಡಿದಳು. ನಾನು “ನಿನ್ನ ಮನಸ್ಸು ಏನು ಹೇಳುತ್ತೋ ಹಾಗೆ ಮಾಡು” ಎನ್ನಲಿಲ್ಲ. ಅದು ಹೇಳಿದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. “ಹೋಗೋದಾದ್ರೆ ನಾಳೆ ನಂಗೆ ಬಿಡುವಿದೆ” ಎಂದೆ.

ಮುದುಕರ ಮಗಳು ಈಗ ಬೇರೆ ಬೀದಿಯಲ್ಲಿದ್ದಾಳೆ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾಳೆ. ಗೋಡೆಯ ಮೇಲೆಲ್ಲ ಖಾಲಿ ಕನ್ನಡಕಗಳು ಸಾಲಾಗಿ ನಿಂತು ನಮ್ಮನ್ನೇ ನೋಡುವ ಹಾಗಿದ್ದವು. ನಾವು ಗಿರಾಕಿಗಳೆಂದುಕೊಂಡು “ಓದೋಕಾ, ದೂರಕ್ಕಾ?” ಎಂದು ಕೇಳಿದಳು. ನಾದಿನಿ ತಾನು ಯಾರೆಂದು ಹೇಳುತ್ತಿದ್ದಂತೆ ಆ ಹೆಂಗಸು ಮಾತಿನ ನಡುವೆಯೇ ತಲೆಯೆತ್ತಿದಳು. ದನಿ ಗುರುತು ಸಿಕ್ಕಿತ್ತು.

“ನೀವಾ” ಎಂದಳು.

ನಾದಿನಿ ನಿಂತುಕೊಂಡೇ ಎಲ್ಲ ಹೇಳಿದಳು. ಕಮಾನು, ಕಾರ್ಡು, ಎರಡು ಠಾಣೆ, ನಾಲ್ಕು ನಿಮಿಷ, ಒಂಬತ್ತು ನಿಮಿಷ. ಕ್ಷೌರಿಕ ಹೇಳಿದ ಲೆಕ್ಕವನ್ನೂ ಬಿಡಲಿಲ್ಲ. ಸುತ್ತಿ ಬಳಸಲಿಲ್ಲ, ಅಳಲೂ ಇಲ್ಲ. ಆ ಹೆಂಗಸು ಕೈಲಿದ್ದ ಕನ್ನಡಕವನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು.

“ಐದು ನಿಮಿಷ ಮೊದಲು ಬಂದಿದ್ರೆ ಅಪ್ಪ ಬದುಕ್ತಿದ್ರಾ?”

“ಗೊತ್ತಿಲ್ಲ. ಬದುಕ್ತಿದ್ರು ಅಂತ ಹೇಳೋಕಾಗಲ್ಲ. ಬದುಕ್ತಿರಲಿಲ್ಲ ಅಂತಾನೂ ಹೇಳೋಕಾಗಲ್ಲ.”

“ಮತ್ತೆ ಇದನ್ನ ನಂಗ್ಯಾಕೆ ಹೇಳಿದ್ರಿ?” ದನಿ ಏರಿತು. “ನಿಮ್ಮ ಎದೆ ಹಗುರ ಮಾಡ್ಕೊಳ್ಳೋಕಾ? ನೀವು ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡ್ತೀರಿ, ನಾನು?”

“ಇರಬಹುದು” ಎಂದಳು ನಾದಿನಿ. “ಅದಕ್ಕೂ ಇರಬಹುದು.”

ಅಂಗಡಿಯೊಳಗೆ ಒಬ್ಬ ಗಿರಾಕಿ ಬಂದ. ಆ ಹೆಂಗಸು “ಆಮೇಲೆ ಬನ್ನಿ” ಎಂದು ಅವನನ್ನು ಕಳಿಸಿಬಿಟ್ಟಳು. ನಂತರ ಬೇರೆಯೇ ದನಿಯಲ್ಲಿ, ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದಳು:

“ನಾನು ವಿಳಾಸ ಸರಿಯಾಗಿ ಹೇಳಲಿಲ್ಲ ಅಂದ್ಕೊಂಡಿದ್ದೆ. ಗಾಬರೀಲಿ ಏನೇನೋ ಬಡಬಡಿಸಿದೆ, ಅದಕ್ಕೇ ತಡ ಆಯ್ತು ಅಂತ. ನನ್ನ ಗಂಡನೂ ಒಂದು ಸಲ ಹಂಗೇ ಅಂದಿದ್ರು.”

“ಇಲ್ಲಮ್ಮ. ಬರೋಕೆ ಮುಂಚೆ ಅವತ್ತಿನ ರಿಜಿಸ್ಟರ್ ತೆಗೆದು ನೋಡಿದೆ. ಫೋನ್ ಎತ್ತಿದ್ದು ಮೂರು ಗಂಟೆ ಎರಡು ನಿಮಿಷಕ್ಕೆ, ಗಂಟೆ ಒತ್ತಿದ್ದೂ ಮೂರು ಎರಡಕ್ಕೇ. ನಿಮ್ಮಷ್ಟು ಚೆನ್ನಾಗಿ ದಾರಿ ಹೇಳಿದವರು ಕಡಿಮೆ. ನಿಮ್ಮಿಂದ ಒಂದು ಗಳಿಗೆನೂ ತಡ ಆಗಿಲ್ಲ.”

ಆಗ ಅವಳು ಅತ್ತಳು. ನಮ್ಮ ಕಡೆ ಬೆನ್ನು ಮಾಡಿ, ಕನ್ನಡಕಗಳ ಗೋಡೆಗೆ ಮುಖ ಮಾಡಿ ಅತ್ತಳು. ನಾನು ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟೆ. “ಬೇಡ” ಎಂದಳು. ಕಣ್ಣು ಒರೆಸಿಕೊಂಡು ತಿರುಗಿ, ಕಾರ್ಡು ಎಲ್ಲಿದೆ ಎಂದು ಕೇಳಿದಳು. ನಾದಿನಿ ಚೀಲದಿಂದ ತೆಗೆದು ಕೊಟ್ಟಳು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿದಳು.

“ಇಂಥವು ಇನ್ನೆಷ್ಟಿವೆ?”

“ಗೊತ್ತಿಲ್ಲ.”

“ಗೊತ್ತು ಮಾಡ್ಕೊಳ್ಳಿ. ಮೊದಲು ಅದನ್ನ ಮಾಡಿ. ಈಗ ದಯವಿಟ್ಟು ಹೊರಡಿ.”

ಕಾರ್ಡನ್ನು ವಾಪಸ್ ಕೊಡಲಿಲ್ಲ.

ನಾವು ಬಸ್ಸಿಗೆ ಕಾಯದೆ ನಡೆದೇ ಠಾಣೆಗೆ ಹೋದೆವು. ನಾದಿನಿ ಅಲ್ಲೇ ಕೂತು ಬರೆದು ಸಾಹೇಬರ ಮುಂದೆ ಎರಡು ಕಾಗದ ಇಟ್ಟಳು. ಒಂದರಲ್ಲಿ ಆ ಬೆಂಕಿಯ ದಿನ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿದ್ದಳು. ಇನ್ನೊಂದರಲ್ಲಿ ‘ದೊಡ್ಡ ಗಾಡಿ ಹೋಗಲ್ಲ’ ಎಂದಿರುವ ಕಾರ್ಡುಗಳನ್ನು ಒಂದೊಂದಾಗಿ ಹೋಗಿ ನೋಡಿ ಬರುವವರೆಗೆ ಯಂತ್ರ ಶುರು ಮಾಡಬಾರದೆಂದು. ಸಾಹೇಬರು ಕೂಗಾಡಿದರು. ಕೆಳಗೆ ಗಾಡಿ ಒರೆಸುತ್ತಿದ್ದವರೂ ಒರೆಸುವುದನ್ನು ನಿಲ್ಲಿಸಿದರು. ಪೇಪರಿನವರಿಗೆ ಏನು ಹೇಳಲಿ, ನನ್ನ ತಲೆಯ ಮೇಲೆ ಕೂತವರಿಗೆ ಏನು ಹೇಳಲಿ ಎಂದರು. ಆಗ ಎಂಜಿನಿಯರು ಕಡಲೆಕಾಯಿ ನುಂಗಿಕೊಂಡು ಬಾಯಿ ಹಾಕಿದಳು.

“ಹಳೇ ಕಮಾನುಗಳನ್ನ ಹೊಸ ಯಂತ್ರದೊಳಗೆ ನಾನೇ ತುಂಬಿಸಿದೀನಿ ಸಾರ್. ಇದು ಹೀಗೇ ಶುರುವಾದ್ರೆ ಮುಂದಿನ ಸಲ ಕಾರ್ಡಮ್ಮನ್ನ ಕೇಳಲ್ಲ, ನನ್ನ ಕೇಳ್ತಾರೆ. ನಂಗೆ ಮೂರು ವಾರ ಬೇಕು ಅಂತ ನಾನೇ ಬರೆದುಕೊಡ್ತೀನಿ. ಯಂತ್ರದ ತೊಂದರೆ ಅಂತ ಹೇಳಿ, ಎಲ್ಲರೂ ನಂಬ್ತಾರೆ.”

“ಹಾಗೆ ಸುಳ್ಳು ಬೇಡ” ಎಂದಳು ನಾದಿನಿ. “ಕಾರ್ಡಿನ ತೊಂದರೆ ಅಂತಾನೇ ಹೇಳಿ.”

ಸಾಹೇಬರು ಇಬ್ಬರನ್ನೂ ನೋಡಿದರು. “ನನ್ನ ಗ್ರಹಚಾರ” ಎಂದು ಎರಡನೆಯ ಕಾಗದಕ್ಕೆ ಸಹಿ ಹಾಕಿದರು. ಮೊದಲನೆಯದನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದು, ಕಡೆಗೆ ಅದನ್ನೂ ಮೇಲಕ್ಕೆ ಕಳಿಸಿದರು.

ಅಂಥ ಕಾರ್ಡುಗಳು ಮುನ್ನೂರ ಮೂವತ್ತೆಂಟು ಇದ್ದವು. ಮೂರು ವಾರ ಪ್ರತಿದಿನ ಬೆಳಿಗ್ಗೆ ಕವಾಯತಿನ ಹೊತ್ತಿನಲ್ಲಿ ಗಾಡಿಗಳು ಕವಾಯತು ಬಿಟ್ಟು ಓಣಿ ಸುತ್ತಿದವು. ಮೀಸೆ ಹೋದಲ್ಲೆಲ್ಲ ಮೊದಲು ಇಳಿದು ಉದ್ದನೆಯ ಕೋಲಿನಿಂದ ಅಳೆಯುತ್ತಿದ್ದ. ಮಕ್ಕಳು ಹಿಂದೆ ಹಿಂದೆ ಓಡುತ್ತಿದ್ದರು. ಬೆಂಕಿಯೇ ಇಲ್ಲದೆ ಗಾಡಿ ಬಂತಲ್ಲ ಎಂದು ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಒಬ್ಬ ಅಜ್ಜಿಯಂತೂ “ಮುಂಗಡವಾಗಿ ಬಂದ್ರಾ?” ಎಂದು ಕೇಳಿದಳಂತೆ. ನಲವತ್ತಾರು ಕಡೆ ದಾರಿ ಎಂದೋ ತೆರೆದುಹೋಗಿತ್ತು. ಒಂಬತ್ತು ಕಡೆ ಕಾರ್ಡಿನಲ್ಲಿ ಇಲ್ಲದ ಹೊಸ ಅಡ್ಡಿ ಎದ್ದಿತ್ತು. ಆ ನಲವತ್ತಾರು ಓಣಿಗಳಲ್ಲಿ ಹಿಂದೆ ಏನಾದರೂ ಬೆಂಕಿ ಆಗಿತ್ತೇ ಎಂದು ನಾದಿನಿ ರಿಜಿಸ್ಟರುಗಳನ್ನೆಲ್ಲ ತೆಗೆದು ನೋಡಿದಳು. ಗಿರಣಿಯ ಓಣಿಯದನ್ನು ಬಿಟ್ಟು ಇನ್ನೆರಡು ಆಗಿದ್ದವು. ಜೀವ ಹೋಗಿರಲಿಲ್ಲ. ಅದನ್ನು ಹೇಳುವಾಗಲೂ ಅವಳ ಮುಖದಲ್ಲಿ ಗೆಲುವು ಇರಲಿಲ್ಲ.

ಈಗ ಯಂತ್ರ ನಡೆಯುತ್ತಿದೆ. ಪರದೆಯ ಮೇಲೆ ಪ್ರತಿ ಟಿಪ್ಪಣಿಯ ಕೆಳಗೂ ಅದನ್ನು ಕಣ್ಣಾರೆ ನೋಡಿದವರು ಯಾರು, ಯಾವ ದಿನ ನೋಡಿದರು ಎನ್ನುವುದು ಬರುತ್ತದೆ. ವರ್ಷ ದಾಟಿದರೆ ಅಕ್ಷರ ಹಳದಿಯಾಗಿ, ಯಾರಾದರೂ ಹೋಗಿ ನೋಡಿ ಬನ್ನಿ ಎನ್ನುತ್ತದೆ. ಎಂಜಿನಿಯರು ಅದನ್ನು ಹೊಸದಾಗಿ ಸೇರಿಸಿದಳು. ಇವಳು ಕೂರುತ್ತಿದ್ದ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ. ವಿಚಾರಣೆ ಮುಗಿಯುವವರೆಗೆ ಇವಳು ಫೋನ್ ಎತ್ತುವ ಹಾಗಿಲ್ಲ. ಹಳದಿಯಾದ ಓಣಿಗಳ ಪಟ್ಟಿ ಹಿಡಿದು ಊರು ಸುತ್ತುವ ಕೆಲಸ ಕೊಟ್ಟಿದ್ದಾರೆ. ಮೀಸೆ ಅವಳನ್ನು ಈಗಲೂ ಕಾರ್ಡಮ್ಮ ಎಂದೇ ಕರೆಯುತ್ತಾನೆ. ಸುತ್ತಿ ಸುತ್ತಿ ಅವಳ ಎರಡು ಜೊತೆ ಚಪ್ಪಲಿ ಸವೆದವು.

ಕನ್ನಡಕದ ಅಂಗಡಿಯ ಹೆಂಗಸು ದೂರು ಕೊಟ್ಟಳು. ಆ ಕಾರ್ಡನ್ನೂ ಅದರ ಜೊತೆ ಲಗತ್ತಿಸಿದ್ದಾಳೆ. ಹೋದ ಶನಿವಾರ ನೋಟೀಸು ಬಂತು, ಮಂಗಳವಾರ ಹನ್ನೊಂದಕ್ಕೆ ವಿಚಾರಣೆಗೆ ಹಾಜರಾಗಬೇಕೆಂದು. ನಮ್ಮ ಯಜಮಾನರು ಮರುದಿನ ಅದನ್ನು ಓದಿ ಮೇಜಿನ ಮೇಲೆ ಕುಕ್ಕಿದರು.

“ಹೇಳಿದ್ನಾ ಇಲ್ವಾ? ಒಳ್ಳೇದು ಮಾಡೋಕೆ ಹೋದ್ಲು ನೋಡು!”

“ಕೊಡಬೇಕಾದ್ದೇ ಕೊಟ್ಟಿದ್ದಾರಣ್ಣ” ಎಂದಳು ಅವಳು. “ನಾನು ಅವರ ಜಾಗದಲ್ಲಿದ್ರೂ ಕೊಡ್ತಿದ್ದೆ.”

“ಮಂಗಳವಾರ ಏನು ಹೇಳ್ತೀಯ?”

“ಬರೆದಿದ್ದನ್ನೇ ಹೇಳ್ತೀನಿ.”

ಅವರಿಗೆ ಕೋಪ ಇಳಿಯಲಿಲ್ಲ. ನಾನೂ ಬರ್ತೀನಿ ಮಂಗಳವಾರ, ಒಬ್ಬಳೇ ಹೋಗಬೇಡ ಎಂದು ಗೊಣಗುತ್ತ ಹೊರಗೆ ಹೋಗಿ ಕೂತರು. ಅದು ಭಾನುವಾರದ ಬೆಳಿಗ್ಗೆ. ಹಿತ್ತಲಿನ ಕಲ್ಲಿನ ಮೇಲೆ ನಾನು ಹಾಸಿಗೆಯ ದುಪ್ಪಟಿಗಳನ್ನು ಒಗೆದು ಬಕೆಟ್ಟಿಗೆ ಹಾಕಿದ್ದೆ. ಹಿಂಡಲು ನನಗೆ ಈಗ ಮಣಿಕಟ್ಟಿನಲ್ಲಿ ಬಲವಿಲ್ಲ. ನಾದಿನಿ ಸೆರಗು ಸಿಕ್ಕಿಸಿಕೊಂಡು ಬಂದು ಒಂದನ್ನು ಬಕೆಟ್ಟಿನಿಂದ ಎತ್ತಿ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

“ನೀನು ಸುಮ್ಮನೆ ಗಟ್ಟಿಯಾಗಿ ಹಿಡ್ಕೋ ಅತ್ತಿಗೆ. ತಿರುವೋದು ನಾನು.”

ಅವಳು ತಿರುವಿದಳು. ನೀರು ಧಾರೆಯಾಗಿ ಇಳಿದು ಇಬ್ಬರ ಕಾಲೂ ಒದ್ದೆಯಾಯಿತು. ಕೊಡವಿ, ಹಗ್ಗದ ಮೇಲೆ ಹಾಕಿ, ಅಂಚು ಸಮ ಮಾಡಿ, ಎರಡು ಕ್ಲಿಪ್ಪು ಸಿಕ್ಕಿಸಿದೆವು. ಬಕೆಟ್ಟಿನಲ್ಲಿ ಇನ್ನೂ ಮೂರಿದ್ದವು. ಅವಳು ಮುಂದಿನದನ್ನು ಎತ್ತಿದಳು.